ಕಾಯಿಲೆ ಕಿತ್ತುಕೊಳ್ಳುವ ಮೊದಲೇ ನಾನೇ ಬಿಟ್ಟೆ

ಪಾರ್ಕಿನ್ಸನ್ಸ್ ಬಂದು ಹೆಚ್ಚುಕಡಿಮೆ 11 ವರ್ಷವಾಯಿತು. ನಡುಕ, ಬಿಗಿತ, ಅದಕ್ಕೆ ನುಂಗುವ ಲೆವೊಡೋಪಾ ಮಾತ್ರೆ ಎಲ್ಲ ಇದೇ ಕಾಯಿಲೆಯಿರುವ ನಿಮಗೂ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

'ಒಪ್ಪಿಕೊಂಡುಬಿಡಿ' ಎಂದು ಎಲ್ಲರೂ ಹೇಳಿದರು. ಹೇಗೆ ಅಂತ ಒಬ್ಬರೂ ಹೇಳಲಿಲ್ಲ. ಧ್ಯಾನಕ್ಕೆ ಕೂತೆ. ಕೈ ಸುಮ್ಮನಿಟ್ಟರೇ ನಡುಕ ಜಾಸ್ತಿ ಅಲ್ವಾ, ಮನಸ್ಸೆಲ್ಲ ಹೆಬ್ಬೆರಳಿನ ಮೇಲೆ! ಆಮೇಲೆ ಬೇರುಸಮೇತ ವಾಸಿ ಮಾಡುತ್ತೇವೆ ಎಂದವರ ಪುಡಿ, ಅಯಸ್ಕಾಂತದ ಪಟ್ಟಿ, ದುಬಾರಿ ಶಿಬಿರ. ಮೊದಲ ಮೂರ್ನಾಲ್ಕು ವರ್ಷದಲ್ಲಿ ಉಳಿತಾಯದ ಕಾಲು ಭಾಗ ಕರಗಿತು. ಕೈಗೆ ಬಂದದ್ದು ಬರೀ ರಸೀದಿ.

ಕೊನೆಗೆ ನನ್ನದೇ ದಾರಿ ಹಿಡಿದೆ. ಮುಂದೆ ಕೈತಪ್ಪಲಿರುವ ಕೆಲಸಗಳನ್ನೆಲ್ಲ ಬರೆದೆ. ಯಾವಾಗ ಬಿಡಬೇಕು ಅಂತ ಒಂದೊಂದರ ಮುಂದೆ ಗುರುತು ಹಾಕಿದೆ. ಎರಡು ಸಲ ಬ್ರೇಕ್ ತಡವಾದರೆ ಕಾರಿನ ಕೀಲಿ ಮಗಳಿಗೆ. ಸಹಿ ಚಿಕ್ಕದಾಗುತ್ತಾ ಹೋಗುತ್ತಿತ್ತು. ಬ್ಯಾಂಕಿನವರು ತಕರಾರು ತೆಗೆಯುವ ಮೊದಲೇ ಖಾತೆಗೆ ಹೆಂಡತಿಯ ಹೆಸರು ಸೇರಿಸಿದೆ. ಕೀಲಿ ಕೊಟ್ಟ ದಿನ ಬೇಜಾರಾಯಿತು ನಿಜ. ಆದರೆ ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಕೊಟ್ಟೆ.

ಪಟ್ಟಿಯ ಕೊನೆಗೆ ದೊಡ್ಡ ಮಾತು: ವೆಂಟಿಲೇಟರ್ ಬೇಡ, ಹೊಟ್ಟೆಗೆ ಟ್ಯೂಬ್ ಬೇಡ, ನೋವಿಗೂ ಉಬ್ಬಸಕ್ಕೂ ಮದ್ದು ಬೇಕೇ ಬೇಕು. ಇದನ್ನು ಪ್ಯಾಲಿಯೇಟಿವ್ ಡಾಕ್ಟರ್, ಅಂದರೆ ಕಾಯಿಲೆಯ ನೋವು-ನರಳಾಟ ತಗ್ಗಿಸುವವರ ಜೊತೆ ಕೂತು ಬರೆದೆ. ಅವರು ಸಾಯುವವರಿಗೆ ಮಾತ್ರ ಅಂದುಕೊಳ್ಳಬೇಡಿ. ನನ್ನ ನಿದ್ದೆ, ಮಲಬದ್ಧತೆ ಎರಡಕ್ಕೂ ಅವರೇ ದಾರಿ ತೋರಿಸಿದ್ದು.

"ಅಣ್ಣಾ, ಸಾವನ್ನು ನೀನೇ ಕೂಗಿ ಕರೀತಿದ್ದೀಯಲ್ಲೋ" ಎಂದು ತಮ್ಮ ರೇಗಿದ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅಲ್ಲಿ ಅಡ್ಡಡ್ಡ ಬಣ್ಣದ ಟೇಪ್ ಅಂಟಿಸಿದೆ. ಗೆರೆ ದಾಟುವ ನೆಪದಲ್ಲಿ ಕಾಲು ಏಳುತ್ತದೆ. ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಯಂತ್ರ ಕೆಲವರಿಗೆ ಆಗುತ್ತದಂತೆ, ನನಗೆ ತಲೆನೋವು ಬಂತು. ಡಾಕ್ಟರನ್ನು ಕೇಳಿ ಹೆಚ್ಚು ಪ್ರೋಟೀನಿನ ಊಟವನ್ನು ರಾತ್ರಿಗೆ ಸರಿಸಿದೆ. ಪ್ರೋಟೀನ್ ಅಡ್ಡ ಬರದೆ ಹಗಲಿನ ಲೆವೊಡೋಪಾ ಮಾತ್ರೆ ಸ್ವಲ್ಪ ಚೆನ್ನಾಗಿ ಹಿಡಿಯಿತು.

ಹೋದ ವರ್ಷ ನ್ಯುಮೋನಿಯಾ ಬಂತು. ಮಗಳು ಆ ಪಟ್ಟಿಯ ಹಾಳೆ ತೆಗೆದು ಡಾಕ್ಟರ ಕೈಗಿಟ್ಟಳು. ಮಕ್ಕಳಲ್ಲಿ ಜಗಳವಿಲ್ಲ, ಮೂಲೆಯಲ್ಲಿ ಪಿಸುಮಾತಿಲ್ಲ. ಆಂಟಿಬಯೋಟಿಕ್, ಆಕ್ಸಿಜನ್ ಇಷ್ಟರಲ್ಲೇ ಹತ್ತು ದಿನದ ಆಸುಪಾಸು ಎದ್ದು ಕೂತೆ. ಎದ್ದಿದ್ದು ಪಟ್ಟಿಯಿಂದಲ್ಲ, ಗೊತ್ತು. ಆದರೆ ಮಲಗಿದ್ದಷ್ಟು ದಿನ ಹೆದರಿಕೆ ಆಗಲಿಲ್ಲ. ಅದು ಮಾತ್ರ ಪಟ್ಟಿಯಿಂದಲೇ. ತಮ್ಮ ಈಗ ಅದರ ಜೆರಾಕ್ಸ್ ಕೇಳುತ್ತಿದ್ದಾನೆ.

ಈ ಮಾತೆತ್ತಿದರೇ ಎದ್ದು ಹೋಗುತ್ತಿದ್ದ ದೊಡ್ಡ ಮಗನನ್ನು ಹೇಗೆ ಕೂರಿಸಿದೆ ಅಂತ ಮಾತ್ರ ಕೇಳಬೇಡಿ. ಅದನ್ನು ಹೇಳಿದರೆ ಮುಂದಿನ ಸಲ ಅವನ ಹತ್ತಿರ ನಡೆಯುವುದಿಲ್ಲ.