ಮರದ ನೆಲದ ಮನೆಯಲ್ಲಿ ನಾಯಿ, ಬೆಕ್ಕು: ಉಗುರಿಗಿಂತ ನೀರಿಗೆ ಹೆದರಿ

ಮರದ ನೆಲ ಹಾಕಿಸಿದವರು ನಾಯಿ ತರಲು ಹಿಂದೇಟು ಹಾಕುತ್ತಾರೆ. ನಾಯಿ ಸಾಕಿದವರು ಮರದ ನೆಲ ಬೇಡವೆನ್ನುತ್ತಾರೆ. ಇಬ್ಬರಿಗೂ ಗೀರಿನದೇ ಭಯ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಎರಡು ಕೋಣೆಗಳಿಗೆ ಓಕ್ ಮೇಲ್ಪದರದ ಹಲಗೆ ಹಾಸಿದ್ದೇವೆ. ಅದರ ಮೇಲೆ ಹನ್ನೊಂದು ವರ್ಷದಿಂದ ಕರಿಯ ಎಂಬ ನಾಯಿ, ಐದು ವರ್ಷದಿಂದ ಮಿನ್ನಿ ಎಂಬ ಬೆಕ್ಕು ಓಡಾಡಿಕೊಂಡಿವೆ. ಇಷ್ಟು ವರ್ಷಗಳಲ್ಲಿ ಕಿತ್ತು ಬದಲಾಯಿಸಬೇಕಾಗಿ ಬಂದದ್ದು ಮೂರೇ ಹಲಗೆ, ಅವೂ ಉಗುರಿನಿಂದ ಕೆಟ್ಟವಲ್ಲ. ಎರಡು ಉಚ್ಚೆ ಹೀರಿ ಕಪ್ಪಾದವು, ಒಂದು ನೀರಿನ ಬಟ್ಟಲಿನ ಕೆಳಗೆ ಅಂಚು ಎದ್ದು ಹಾಳಾಯಿತು. ಗೀರುಗಳು ಬೇಕಾದಷ್ಟಿವೆ. ಅವು ನೆಲವನ್ನು ಕೊಂದಿಲ್ಲ.

ಮೊದಲು ನಿಮ್ಮ ನೆಲ ಯಾವುದೆಂದು ತಿಳಿಯಿರಿ

‘ವುಡನ್ ಫ್ಲೋರಿಂಗ್’ ಎಂದು ಮಾರುವುದೆಲ್ಲ ಮರವಲ್ಲ. ಬಾಗಿಲ ಬಳಿ ಹಲಗೆಯ ಅಂಚು ಮುಚ್ಚುವ ಪಟ್ಟಿಯನ್ನು ಬಡಗಿಯಿಂದ ಬಿಚ್ಚಿಸಿ, ಅಂಚನ್ನು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಮರ ಕಂಡರೆ ಅದು ಇಡೀ ಮರದ ಹಲಗೆ, ಸಾಮಾನ್ಯವಾಗಿ 18ರಿಂದ 20 ಮಿ.ಮೀ. ದಪ್ಪ. ಮೇಲೆ ತೆಳುವಾದ ಮರದ ಪದರ, ಕೆಳಗೆ ಪ್ಲೈವುಡ್ ಕಂಡರೆ ಎಂಜಿನಿಯರ್ಡ್ ವುಡ್. ಮರದ ಹಿಟ್ಟನ್ನು ಒತ್ತಿ ಮಾಡಿದ ಕಂದು ತಿರುಳಿನ ಮೇಲೆ ಹಾಳೆ ಅಂಟಿಸಿದಂತಿದ್ದರೆ ಲ್ಯಾಮಿನೇಟ್. ಅದು ಹೆಚ್ಚಾಗಿ 8 ಅಥವಾ 12 ಮಿ.ಮೀ. ಇರುತ್ತದೆ, ಮೇಲೆ ಕಾಣುವುದು ಮರದ ಚಿತ್ರ.

ಇಡೀ ಮರದ ಹಲಗೆಯನ್ನು ಹಲವು ಬಾರಿ ಉಜ್ಜಿಸಿ ಮತ್ತೆ ಪಾಲಿಶ್ ಮಾಡಿಸಬಹುದು. ಎಂಜಿನಿಯರ್ಡ್ ವುಡ್ಡಿನ ಮೇಲ್ಪದರ 3 ಮಿ.ಮೀ. ಅಥವಾ ಹೆಚ್ಚಿದ್ದರೆ ಒಂದೆರಡು ಸಲ ಉಜ್ಜಿಸಬಹುದು, ಅರ್ಧ ಮಿ.ಮೀ. ಇದ್ದರೆ ಉಜ್ಜುವಂತಿಲ್ಲ. ಲ್ಯಾಮಿನೇಟಿನ ಮೇಲ್ಪದರದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಇರುವುದರಿಂದ ಗೀರು ಬೀಳುವುದು ಕಡಿಮೆ. ಆದರೆ ಸಂದಿಗೆ ನೀರಿಳಿದರೆ ತಿರುಳು ಊದಿಕೊಳ್ಳುತ್ತದೆ, ಊದಿದ್ದು ಮತ್ತೆ ಇಳಿಯುವುದಿಲ್ಲ.

ತೇಗ ಎಂದರೆ ಎಲ್ಲಕ್ಕಿಂತ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿದೆ. ಮರದ ಗಡಸನ್ನು ಅಳೆಯುವ ಜಾಂಕಾ ಪರೀಕ್ಷೆಯಲ್ಲಿ 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಅರ್ಧದಷ್ಟು ಮರದೊಳಗೆ ಇಳಿಯಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. ತೇಗಕ್ಕೆ ಸುಮಾರು 1,070 ಪೌಂಡು, ಅಮೆರಿಕದ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕೆಂಪು ಓಕ್‌ಗೆ 1,290, ಹಿಕರಿಗೆ 1,820. ತೇಗದ ಹೆಚ್ಚುಗಾರಿಕೆ ಇರುವುದು ಅದರ ಎಣ್ಣೆಯಂಶದಲ್ಲಿ. ಗೆದ್ದಲು, ತೇವಗಳನ್ನು ಅದು ಚೆನ್ನಾಗಿ ತಡೆಯುತ್ತದೆ, ಲ್ಯಾಬ್ರಡಾರ್ ಉಗುರನ್ನು ಅಷ್ಟಾಗಿ ತಡೆಯುವುದಿಲ್ಲ. ಹೊಸದಾಗಿ ಹಾಕಿಸುವವರಿಗೆ ನನ್ನ ಸಲಹೆ: ಯಾವ ಮರವಾದರೂ ಸರಿ, ಹೊಳಪಿನ ಪಾಲಿಶ್ ಬೇಡ, ಮ್ಯಾಟ್ ಇರಲಿ, ಮರದ ಎಳೆ ಎದ್ದು ಕಾಣಲಿ. ಅದೇ ಗೀರು ಹೊಳೆಯುವ ನೆಲದ ಮೇಲೆ ಬೆಳ್ಳಗೆ ಮಿಂಚುತ್ತದೆ, ಮ್ಯಾಟ್ ನೆಲದಲ್ಲಿ ಎಳೆಯೊಳಗೆ ಸೇರಿಹೋಗುತ್ತದೆ.

ಬಾಗಿಲಲ್ಲೇ ಮರಳು ತಡೆಯಿರಿ

ವಾಕಿಂಗ್ ಮುಗಿಸಿ ಬಂದ ನಾಯಿಯ ಅಂಗಾಲಿನ ಸಂದಿಯಲ್ಲಿ ಕುಳಿತ ಸಣ್ಣ ಮರಳು ಉಗುರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅದು ಸ್ಫಟಿಕ ಶಿಲೆಯ ಪುಡಿ. ನಾಯಿ ಓಡಾಡಿದಂತೆಲ್ಲ ಪಾಲಿಶ್ ಕಾಗದ ತಿಕ್ಕಿದ ಹಾಗೆ ಹೊಳಪು ಸವೆಯುತ್ತ ಹೋಗುತ್ತದೆ. ಬಾಗಿಲ ಹೊರಗೊಂದು ನಾರಿನ ಮ್ಯಾಟು, ಒಳಗೊಂದು ದಪ್ಪ ಹತ್ತಿ ಬಟ್ಟೆ ಇಡಿ. ಒದ್ದೆ ಬಟ್ಟೆಯಿಂದ ನಾಲ್ಕೂ ಕಾಲು ಒರೆಸಿ, ಬೆರಳ ಸಂದಿಗಳನ್ನು ಒಣಗಿಸಿಯೇ ಒಳಗೆ ಬಿಡಿ. ನಾರಿನ ಮ್ಯಾಟನ್ನು ಮರದ ಮೇಲೆ ಮಾತ್ರ ಇಡಬೇಡಿ, ಅದರ ಒರಟು ಅಡಿಭಾಗವೂ ಗೀರುತ್ತದೆ. ಹಿಮ ಬೀಳುವ ಊರುಗಳಲ್ಲಿರುವ ನಮ್ಮವರು ಚಳಿಗಾಲದಲ್ಲಿ ಇದನ್ನು ಇನ್ನೂ ನಿಷ್ಠೆಯಿಂದ ಮಾಡಬೇಕು. ರಸ್ತೆಗೆ ಚೆಲ್ಲುವ ಉಪ್ಪು ಪಾಲಿಶನ್ನೂ ಕೆಡಿಸುತ್ತದೆ, ನಾಯಿಯ ಅಂಗಾಲನ್ನೂ ಒಡೆಸುತ್ತದೆ.

ಬೆಕ್ಕಿನ ಮನೆಯಲ್ಲಿ ಮರಳು ಬರುವುದು ಲಿಟರ್ ಟ್ರೇಯಿಂದ. ಟ್ರೇ ಸುತ್ತ ಎರಡು ಅಡಿ ಅಗಲದ ಮ್ಯಾಟ್ ಹಾಸಿದರೆ ಕಾಲಿಗಂಟಿದ ಕಾಳುಗಳು ಅಲ್ಲೇ ಉದುರುತ್ತವೆ.

ಉಗುರು, ಅಂಗಾಲು, ಜಾರುವ ಭಯ

ಗಟ್ಟಿ ನೆಲದ ಮೇಲೆ ನಾಯಿ ನಿಧಾನವಾಗಿ ನಡೆಯುವಾಗ ‘ಟಿಕ್ ಟಿಕ್’ ಸದ್ದು ಕೇಳಿದರೆ ಉಗುರು ಉದ್ದವಾಗಿದೆ ಎಂದರ್ಥ. ಉದ್ದ ಉಗುರು ಮೊದಲು ನೆಲ ಮುಟ್ಟುತ್ತದೆ, ಅಂಗಾಲಿನ ಮೆತ್ತೆ ಸರಿಯಾಗಿ ಊರುವುದಿಲ್ಲ. ಹಿಡಿತ ಸಿಗುವುದೇ ಮೆತ್ತೆಯಿಂದ. ಆದ್ದರಿಂದ ಉಗುರು ಕತ್ತರಿಸುವುದು ನೆಲಕ್ಕಿಂತ ಮೊದಲು ನಾಯಿಗೇ ಬೇಕು. ಮೂರ್ನಾಲ್ಕು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು.

ಬಿಳಿ ಉಗುರಿನೊಳಗೆ ರಕ್ತನಾಳವಿರುವ ಭಾಗ ಗುಲಾಬಿಯಾಗಿ ಕಾಣುತ್ತದೆ, ಅದಕ್ಕಿಂತ ಎರಡು ಮಿ.ಮೀ. ಮುಂದೆ ನಿಲ್ಲಿಸಬೇಕು. ಕರಿಯನದು ಕಪ್ಪು ಉಗುರು, ಒಳಗೇನೂ ಕಾಣುವುದಿಲ್ಲ. ಅಂಥವಕ್ಕೆ ತೆಳು ತೆಳುವಾಗಿ ಕತ್ತರಿಸುತ್ತ ಹೋಗಿ, ಪ್ರತಿ ಸಲವೂ ಕತ್ತರಿಸಿದ ಮುಖ ನೋಡಿ. ಪುಡಿಪುಡಿಯಾಗಿ ಬೂದಾಗಿರುವವರೆಗೆ ಮುಂದುವರಿಯಬಹುದು. ನಡುವೆ ತೇವದ ಕಪ್ಪು ಚುಕ್ಕೆ ಕಂಡ ಕೂಡಲೇ ನಿಲ್ಲಿಸಿ. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ಕೆಲವು ನಿಮಿಷದಲ್ಲಿ ನಿಲ್ಲುತ್ತದೆ. ಮರಿಯಿದ್ದಾಗಲೇ ದಿನಕ್ಕೊಮ್ಮೆ ಕಾಲು ಹಿಡಿದು ಅಭ್ಯಾಸ ಮಾಡಿಸಿ. ದೊಡ್ಡದಾದ ಮೇಲೆ ನಾಲ್ಕು ಜನ ಅದುಮಿ ಹಿಡಿದು ಕತ್ತರಿಸುವುದನ್ನು ನೋಡಿದ್ದೇನೆ. ಆ ನಾಯಿ ಮುಂದೆ ಕಾಲು ಮುಟ್ಟಲೇ ಬಿಡುವುದಿಲ್ಲ. ಸ್ಪಿಟ್ಜ್, ಶಿಟ್ಜು, ಗೋಲ್ಡನ್ ರಿಟ್ರೀವರ್‌ಗಳಿಗೆ ಮೆತ್ತೆಗಳ ನಡುವೆ ಬೆಳೆದ ಕೂದಲನ್ನೂ ಮಟ್ಟ ಮಾಡಬೇಕು, ಇಲ್ಲವಾದರೆ ಕಾಲುಚೀಲ ಹಾಕಿಕೊಂಡು ಓಡಿದಂತೆ ಜಾರುತ್ತವೆ.

ಬೆಕ್ಕು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ನೆಲಕ್ಕೆ ಅಪಾಯ ಕಡಿಮೆ. ಅದಕ್ಕೆ ಪರಚಲು ಒಂದು ಕಂಬ ಬೇಕು. ಮೂರಡಿ ಎತ್ತರದ ಗಟ್ಟಿ ಕಂಬಕ್ಕೆ ನಾರಿನ ಹಗ್ಗ ಒತ್ತಾಗಿ ಸುತ್ತಿ, ಅಲುಗಾಡದಂತೆ ನಿಲ್ಲಿಸಿ. ಅಲುಗಿದರೆ ಬೆಕ್ಕು ಅದರ ಹತ್ತಿರ ಸುಳಿಯುವುದಿಲ್ಲ. ಮೊಲದ ಅಂಗಾಲಿಗೆ ಮೆತ್ತೆಯೇ ಇಲ್ಲ, ಬರೀ ಕೂದಲು. ಬರಿ ನೆಲದ ಮೇಲೆ ಬಿಟ್ಟರೆ ಹಿಮ್ಮಡಿ ಹುಣ್ಣಾಗುತ್ತದೆ, ಅದರ ಜಾಗಕ್ಕೆ ಹಾಸು ಇರಲೇಬೇಕು.

ಈಗ ಹಾಸಿನ ವಿಷಯ. ನಾಯಿ ಎಲ್ಲೆಲ್ಲಿ ತಿರುಗುತ್ತದೆ, ಎಲ್ಲಿಂದ ಹಾರುತ್ತದೆ ಎಂದು ಎರಡು ದಿನ ಗಮನಿಸಿ. ಮಂಚದ ಪಕ್ಕ, ಸೋಫಾ ಮುಂದೆ, ಕಾಲಿಂಗ್ ಬೆಲ್ ಸದ್ದಿಗೆ ಓಡುವ ದಾರಿ, ಅನ್ನದ ಬಟ್ಟಲಿನ ಮುಂದೆ: ಈ ನಾಲ್ಕು ಜಾಗಕ್ಕೆ ಹಾಸು ಬಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ನವಲಗುಂದದ ಜಮಖಾನಗಳು ಇದಕ್ಕೆ ನನಗೆ ಬಹಳ ಹಿಡಿಸಿವೆ. ದಪ್ಪ ಹತ್ತಿ, ಉಗುರು ಸಿಕ್ಕಿಕೊಳ್ಳುವ ಕುಣಿಕೆಗಳಿಲ್ಲ, ಕೊಡವಿದರೆ ಕೂದಲು ಉದುರುತ್ತದೆ. ಆದರೆ ಬರಿ ಜಮಖಾನ ಮರದ ಮೇಲೆ ಜಾರುತ್ತದೆ, ಕೆಳಗೆ ಜಾರದ ಬಲೆ ಬೇಕು. ಅಗ್ಗದ ರಬ್ಬರ್ ಬೆನ್ನಿನ ಮ್ಯಾಟುಗಳು ಕೆಲವು ಪಾಲಿಶ್‌ಗಳಿಗೆ ಹಳದಿ ಕಲೆ ಹತ್ತಿಸುತ್ತವೆ. ಮರದ ನೆಲಕ್ಕೆ ಆಗುತ್ತದೆ ಎಂದು ಬರೆದಿರುವುದನ್ನೇ ಕೊಳ್ಳಿ.

ಕರಿಯನಿಗೆ ಒಂಬತ್ತು ತುಂಬಿದ ಮೇಲೆ ಅವನು ನಮ್ಮ ಕೋಣೆಯ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ವಯಸ್ಸಿನ ಹಟ ಎಂದುಕೊಂಡಿದ್ದೆವು. ಹಿಂಗಾಲಿನ ಕೀಲುನೋವು ಎಂದು ಪಶುವೈದ್ಯರು ಹೇಳಿದಾಗ, ಅವನು ಜಾರುವ ನೆಲಕ್ಕೆ ಹೆದರುತ್ತಿದ್ದ ಎಂದು ತಿಳಿಯಿತು. ಬಾಗಿಲಿನಿಂದ ಹಾಸಿಗೆಯವರೆಗೆ ಒಂದೇ ಉದ್ದನೆಯ ಹಾಸು ಬಿಡಿಸಿದ ದಿನ ಅವನು ನೇರ ನಡೆದು ಒಳಬಂದ. ನಿಮ್ಮ ಮುದಿ ನಾಯಿ ಯಾವುದಾದರೂ ಕೋಣೆಗೆ ಬರುವುದನ್ನು ಬಿಟ್ಟಿದ್ದರೆ, ಬೈಯುವ ಮೊದಲು ಅದರ ಹಿಂಗಾಲು ನೋಡಿ.

ಉಚ್ಚೆ: ಮೊದಲ ಹತ್ತು ನಿಮಿಷ

ಇಲ್ಲಿ ಆತುರ ಬೇಕು. ಹೊಸ ಉಚ್ಚೆ ಮರಕ್ಕೆ ಕೂಡಲೇ ಏನೂ ಮಾಡುವುದಿಲ್ಲ. ಸಮಯ ಕಳೆದಂತೆ ಅದರ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾ ಓಕ್‌ನಂಥ ಮರಗಳಲ್ಲಿರುವ ಟ್ಯಾನಿನ್ ಜೊತೆ ಸೇರಿದರೆ ಮರ ಕಪ್ಪಾಗುತ್ತದೆ. ಆ ಕಪ್ಪು ಪಾಲಿಶ್ ಮೇಲಿನದಲ್ಲ, ಮರದ ಒಳಗಿನದು. ಒರೆಸಿದರೆ ಹೋಗುವುದಿಲ್ಲ.

ಒಣ ಹತ್ತಿ ಬಟ್ಟೆ ಮಡಚಿ ಅದರ ಮೇಲಿಟ್ಟು ಕೈಯಿಂದ ಭಾರ ಹಾಕಿ ಒತ್ತಿ. ಹಳೆಯ ಪಂಚೆಗಿಂತ ಒಳ್ಳೆಯದು ಇಲ್ಲ. ತಿಕ್ಕಬೇಡಿ, ತಿಕ್ಕಿದರೆ ಸಂದಿಗೆ ಇಳಿಯುತ್ತದೆ. ಬಟ್ಟೆ ಬದಲಾಯಿಸಿ ಮತ್ತೆ ಒತ್ತಿ. ನಂತರ ಎನ್‌ಜೈಮ್ ಇರುವ, ಸಾಕುಪ್ರಾಣಿಗಳ ಉಚ್ಚೆಗೆಂದೇ ಮಾರುವ ದ್ರಾವಣವನ್ನು ಬಟ್ಟೆಗೆ ಹಾಕಿ ತೇವ ಮಾಡಿ ಒರೆಸಿ. ನೆಲದ ಮೇಲೆ ಸುರಿಯಬಾರದು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒಣಬಟ್ಟೆಯಿಂದ ಒರೆಸಿ ಫ್ಯಾನ್ ಹಾಕಿ. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ. ಅದರ ವಾಸನೆ ಉಚ್ಚೆಯ ವಾಸನೆಯಂತೆಯೇ ಇದ್ದು, ಅಲ್ಲೇ ಮತ್ತೆ ಮಾಡಲು ಕರೆದಂತಾಗುತ್ತದೆ.

ಬೆಕ್ಕಿನ ಉಚ್ಚೆಯ ಯೂರಿಕ್ ಆಮ್ಲದ ಹರಳುಗಳು ಬರಿ ನೀರಿಗೆ ಕರಗುವುದಿಲ್ಲ. ಬೇಸಿಗೆಯಲ್ಲಿ ಸುಮ್ಮನಿದ್ದ ಕೋಣೆ ಮಳೆಗಾಲದಲ್ಲಿ ನಾರುವುದು ಅದಕ್ಕೇ. ತೀರ್ಥಹಳ್ಳಿ ಕಡೆಯ ನನ್ನ ತವರಿನ ಉಪ್ಪರಿಗೆಯಲ್ಲಿ ಪಾಲಿಶ್ ಕಾಣದ ಹಳೆಯ ಹಲಗೆಗಳಿವೆ. ಬೆಕ್ಕು ಒಮ್ಮೆ ಮೂಲೆಯಲ್ಲಿ ಮಾಡಿದ್ದು ಆಷಾಢ ಬಂದಾಗಲೆಲ್ಲ ಮೂಗಿಗೆ ಬಡಿಯುತ್ತದೆ. ಪಾಲಿಶ್ ಇಲ್ಲದ ಮರ ಎಲ್ಲವನ್ನೂ ಕುಡಿಯುತ್ತದೆ. ಅಂಥ ನೆಲವಿದ್ದರೆ ಪ್ರಾಣಿ ತರುವ ಮೊದಲು ಒಮ್ಮೆ ಪಾಲಿಶ್ ಮಾಡಿಸಿ.

ಕಾರಣವನ್ನೂ ಹುಡುಕಬೇಕು. ಮರಿಯನ್ನು ನಿದ್ದೆಯಿಂದ ಎದ್ದ ಕೂಡಲೇ, ತಿಂದ ಮೇಲೆ, ಆಟವಾಡಿದ ಮೇಲೆ ಹೊರಗೊಯ್ಯಿರಿ. ಬೆಕ್ಕುಗಳಿಗೆ ಅವುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇಡಿ. ಗಂಡು ಬೆಕ್ಕು ಪದೇ ಪದೇ ಕುಳಿತು ತಿಣುಕುತ್ತಿದ್ದರೆ, ಹನಿ ಹನಿಯಾಗಿ ಮಾಡುತ್ತಿದ್ದರೆ ನೆಲ ಮರೆತುಬಿಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು, ಅದು ಜೀವಕ್ಕೆ ಅಪಾಯ. ಆ ಗಳಿಗೆಯಲ್ಲೇ ಪಶುವೈದ್ಯರಲ್ಲಿಗೆ ಓಡಿ.

ಬಕೆಟ್ ಮತ್ತು ಫಿನಾಯಿಲ್

ಬಕೆಟ್ ನೀರಿಗೆ ಬಟ್ಟೆ ಅದ್ದಿ ದಿನವೂ ನೆಲ ಒರೆಸುವುದು ನಮ್ಮ ಮನೆಗಳ ಶುಚಿಯ ಗುರುತು. ರೆಡ್‌ಆಕ್ಸೈಡಿಗೆ, ಮೊಸಾಯಿಕ್ಕಿಗೆ, ಟೈಲ್ಸಿಗೆ ಅದು ಸರಿ. ಮರಕ್ಕೆ ಮಾತ್ರ ಕೇಡು. ನಮ್ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ, ‘ಈ ಎರಡು ರೂಮಿಗೆ ಬಕೆಟ್ ತರಬೇಡಿ ಅಕ್ಕಾ’ ಎಂದು ಹೇಳಿ, ಕಾರಣವನ್ನೂ ಊದಿದ ಹಲಗೆಯನ್ನೂ ತೋರಿಸಿದೆ. ಅಂದಿನಿಂದ ನನಗಿಂತ ಅವರೇ ಹೆಚ್ಚು ಎಚ್ಚರ. ದಿನವೂ ಹುಲ್ಲಿನ ಪೊರಕೆ ಅಥವಾ ಒಣ ಮೈಕ್ರೋಫೈಬರ್ ಮಾಪಿನಿಂದ ಕೂದಲು, ಧೂಳು ತೆಗೆಯಿರಿ. ಕಡ್ಡಿ ಪೊರಕೆ ಬೇಡ. ವಾರಕ್ಕೊಮ್ಮೆ ಹನಿ ತೊಟ್ಟಿಕ್ಕದಷ್ಟು ಹಿಂಡಿದ ಬಟ್ಟೆಯಿಂದ ಎಳೆಯ ಉದ್ದಕ್ಕೆ ಒರೆಸಿ. ಒರೆಸಿದ ತೇವ ಒಂದೆರಡು ನಿಮಿಷದಲ್ಲಿ ಆರಬೇಕು. ವಿನೆಗರ್ ನೀರು ಪಾಲಿಶನ್ನು ಮಂಕು ಮಾಡುತ್ತದೆ, ಸ್ಟೀಮ್ ಮಾಪ್ ಸಂದಿಗೆ ಹಬೆ ತುಂಬುತ್ತದೆ. ಎರಡೂ ಬೇಡ. ಕುಡಿಯುವ ನೀರಿನ ಬಟ್ಟಲನ್ನು ಅಂಚಿರುವ ಟ್ರೇಯಲ್ಲಿಡಿ, ಸಾಧ್ಯವಾದರೆ ಅಡುಗೆಮನೆಯ ಟೈಲ್ಸ್ ಮೇಲೇ ಇಡಿ.

ಫಿನಾಯಿಲ್ ಬಗ್ಗೆ ಬಿಡಿಸಿ ಹೇಳಬೇಕು. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಬಗೆಯ ರಾಸಾಯನಿಕಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಕಾಲು ನೆಕ್ಕುತ್ತದೆ, ವಿಷ ಒಳಹೋಗುತ್ತದೆ. ಪೈನ್ ಎಣ್ಣೆಯ ಕ್ಲೀನರ್‌ಗಳಿಗೂ ಇದೇ ಎಚ್ಚರ. ಬೆಕ್ಕಿರುವ ಮನೆಯಲ್ಲಿ ಯಾವ ನೆಲಕ್ಕೂ ಫಿನಾಯಿಲ್ ಬೇಡ. ಮೂಲೆಗಳಲ್ಲಿ ಹಾಕುವ ನುಸಿಗುಳಿಗೆಯೂ ನಾಯಿ, ಬೆಕ್ಕು ಎರಡಕ್ಕೂ ವಿಷ.

ಸಂದಿಯಲ್ಲಿ ಅಡಗುವ ಉಣ್ಣೆ

ನಮ್ಮೂರಿನ ನಾಯಿಗಳಿಗೆ ಹತ್ತುವ ಕಂದು ಉಣ್ಣೆ ಮನೆಯೊಳಗೇ ಇಡೀ ಜೀವನಚಕ್ರ ಮುಗಿಸಬಲ್ಲದು. ಹೊಟ್ಟೆ ತುಂಬ ರಕ್ತ ಹೀರಿದ ಹೆಣ್ಣು ಉಣ್ಣೆ ನಾಯಿಯಿಂದ ಉದುರಿ, ಹಲಗೆಯ ಸಂದಿ, ಗೋಡೆಯಂಚಿನ ಪಟ್ಟಿಯ ಹಿಂದೆ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಚಿಗಟದ ಮರಿಹುಳುಗಳೂ ಅಲ್ಲೇ. ವಾರಕ್ಕೆರಡು ಬಾರಿ ವ್ಯಾಕ್ಯೂಮ್ ಕ್ಲೀನರ್‌ನ ಕಿರಿದಾದ ಮೂತಿಯಿಂದ ಸಂದಿಗಳನ್ನು ಎಳೆದು, ತುಂಬಿದ ಕಸವನ್ನು ಗಂಟು ಕಟ್ಟಿ ಹೊರಗೆ ಹಾಕಿ. ನಾಯಿಗೆ ಔಷಧಿ ಪಶುವೈದ್ಯರು ಹೇಳಿದ್ದೇ ಆಗಲಿ. ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿಗೆ ತಗುಲಿದರೆ ಸಾವೂ ಬರಬಹುದು. ಎರಡೂ ಇರುವ ಮನೆಯವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ.

ಗೀರು, ಗುಂಡಿ, ಹೊಸ ಪಾಲಿಶ್

ಗೀರಿನ ಮೇಲೆ ಉಗುರಾಡಿಸಿ. ಉಗುರು ಸಿಕ್ಕದಿದ್ದರೆ ಅದು ಪಾಲಿಶ್ ಮೇಲಿನ ಗೀರು, ಅದೇ ಬಣ್ಣದ ಮೇಣದ ಕಡ್ಡಿ ಸಾಕು. ಇಡೀ ಮರದ ಹಲಗೆಯಲ್ಲಿ, ಎಳೆ ಹರಿಯದೆ ತಗ್ಗು ಮಾತ್ರ ಬಿದ್ದು ಪಾಲಿಶ್ ಎದ್ದುಹೋಗಿದ್ದರೆ, ಒದ್ದೆ ಬಟ್ಟೆಯಿಟ್ಟು ಇಸ್ತ್ರಿಪೆಟ್ಟಿಗೆಯ ತುದಿಯನ್ನು ಕೆಲವೇ ಸೆಕೆಂಡು ಮುಟ್ಟಿಸಿ. ಒತ್ತಿದ ಎಳೆಗಳು ಹಬೆಗೆ ಊದಿ ಮೇಲೇಳುತ್ತವೆ, ಆಮೇಲೆ ಅಷ್ಟು ಜಾಗಕ್ಕೆ ಮತ್ತೆ ಪಾಲಿಶ್ ಮುಟ್ಟಿಸಿದರಾಯಿತು. ಲ್ಯಾಮಿನೇಟಿನಲ್ಲಿ ಇದನ್ನು ಮಾಡಲೇಬಾರದು. ಕಪ್ಪು ಕಲೆಗೆ ಪಾಲಿಶ್ ಉಜ್ಜಿ ತೆಗೆದ ಮೇಲೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿದ ಬಟ್ಟೆ ಇಟ್ಟು ನೋಡಬಹುದು. ಮರವೂ ಬಿಳಿಚುವುದರಿಂದ ಮೊದಲು ಮಂಚದಡಿಯ ಮೂಲೆಯಲ್ಲಿ ಪರೀಕ್ಷಿಸಿ. ಕಲೆ ಆಳಕ್ಕಿಳಿದಿದ್ದರೆ ಹಲಗೆಯನ್ನೇ ಬದಲಾಯಿಸಬೇಕು. ಆದ್ದರಿಂದ ನೆಲ ಹಾಕಿಸುವಾಗಲೇ ಅದೇ ಲಾಟಿನ ಐದಾರು ಹಲಗೆ ಹೆಚ್ಚಿಗೆ ತರಿಸಿ ಅಟ್ಟದ ಮೇಲಿಡಿ.

ಇಡೀ ಕೋಣೆಗೆ ಪಾಲಿಶ್ ಮಾಡಿಸುವಾಗ ಪ್ರಾಣಿಗಳನ್ನು ಬೇರೆಡೆ ಕಳಿಸುವುದೇ ಸರಿ. ಪಾಲಿಶ್ ಕೈಗೆ ಅಂಟದಂತೆ ಒಣಗಿದ ಮಾತ್ರಕ್ಕೆ ಗಟ್ಟಿಯಾಯಿತು ಎಂದಲ್ಲ, ಪೂರ್ತಿ ಗಟ್ಟಿಯಾಗಲು ಕೆಲವಕ್ಕೆ ತಿಂಗಳವರೆಗೂ ಬೇಕು. ನಾಯಿಯನ್ನು ಎಷ್ಟು ದಿನ ಬಿಡಬಾರದೆಂದು ಡಬ್ಬಿ ನೋಡಿ, ಪಾಲಿಶ್ ಮಾಡುವವರನ್ನೂ ಕೇಳಿ, ಎರಡರಲ್ಲಿ ಹೆಚ್ಚಿನದನ್ನು ಹಿಡಿಯಿರಿ. ಲವ್‌ಬರ್ಡ್ಸ್‌ನಂಥ ಹಕ್ಕಿಗಳಿದ್ದರೆ, ಮೊದಲ ಕೋಟ್‌ಗೆ ಡಬ್ಬಿ ತೆರೆಯುವ ಮೊದಲೇ ಪಂಜರ ಬೇರೆ ಮನೆ ಸೇರಿರಲಿ. ಅವುಗಳ ಉಸಿರಾಟ ವ್ಯವಸ್ಥೆ ಹೊಗೆ, ಆವಿಗಳನ್ನು ನಮ್ಮಂತೆ ತಾಳಲಾರದು. ಬಣ್ಣದ ವಾಸನೆ ನಿಮ್ಮ ಮೂಗಿಗೆ ಪೂರ್ತಿ ಹೋಗಿ ಒಂದೆರಡು ದಿನ ಕಿಟಕಿ ತೆರೆದಿಟ್ಟ ಮೇಲೆಯೇ ವಾಪಸು ತನ್ನಿ.