ಪುಕ್ಕಟೆ ಬೇರೆ, ಸ್ವತಂತ್ರ ಬೇರೆ: ನಿಮ್ಮ ಕೋಡಿಗೆ ಲೈಸೆನ್ಸ್ ಹಾಕುವುದು ಹೇಗೆ

ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಕೋಡ್ ಹಾಕಿದ ಕೂಡಲೇ ಅದು ಊರಿಗೆಲ್ಲ ಸೇರಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಲೈಸೆನ್ಸ್, ಅಂದರೆ ಬೇರೆಯವರು ಅದನ್ನು ಹೇಗೆ ಬಳಸಬಹುದು ಅನ್ನುವ ಅನುಮತಿ, ಇಲ್ಲದಿದ್ದರೆ ಕಾಪಿರೈಟ್ ಪೂರ್ತಿ ನಿಮ್ಮದೇ. ಜನ ಓದಬಹುದು ಅಷ್ಟೆ, ತಮ್ಮ ಪ್ರಾಜೆಕ್ಟಿಗೆ ಎತ್ತಿಕೊಳ್ಳುವಂತಿಲ್ಲ.

ಇಂಗ್ಲಿಷಿನವರಿಗೆ ಎರಡೂ ಅರ್ಥ ಕೊಡುವ ‘ಫ್ರೀ’ ಪದ ದೊಡ್ಡ ತಲೆನೋವು. ನಮಗೆ ಆ ಕಷ್ಟ ಇಲ್ಲ, ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. 1983ರಲ್ಲಿ ಸ್ವತಂತ್ರ ಸಾಫ್ಟ್‌ವೇರಿನ ಗ್ನು ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್, ಮುಂದೆ ತಮ್ಮ ಎಡಿಟರ್ ಸಾಫ್ಟ್‌ವೇರ್ ಇಮ್ಯಾಕ್ಸ್ ತುಂಬಿದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ಕೊಂಡವರ ಕೈ ಕಟ್ಟಿಹಾಕುವುದು ತಪ್ಪು ಅನ್ನುವುದು ಅವರ ವಾದ.

ಹಾಗಾಗಿ ಮೊದಲು ಇದನ್ನು ಯೋಚಿಸಿ: ಯಾರೋ ನಿಮ್ಮ ಕೋಡ್ ತಗೊಂಡು, ತಿದ್ದಿ, ತಿದ್ದಿದ್ದನ್ನು ಮುಚ್ಚಿಟ್ಟು ಮಾರಿದರೆ ನಿಮಗೆ ಹೊಟ್ಟೆ ಉರಿಯುತ್ತದಾ? ಇಲ್ಲ ಅಂದರೆ, ಹೆಚ್ಚುಕಡಿಮೆ ಏನು ಬೇಕಾದರೂ ಮಾಡಲು ಬಿಡುವ ಎಂಐಟಿ ಲೈಸೆನ್ಸ್ ಸಾಕು. ಹೌದು ಅಂದರೆ ಜಿಪಿಎಲ್ ಅನ್ನುವ ಲೈಸೆನ್ಸ್. ಅದರ ಪ್ರಕಾರ ತಿದ್ದಿದ್ದನ್ನು ಹಂಚುವವರು, ಪಡೆದವರಿಗೆ ಸೋರ್ಸ್ (ಮೂಲ ಕೋಡ್) ಕೂಡ ಕೊಡಬೇಕು. ಆದರೆ ಸರ್ವರಿನಲ್ಲಿ ಸುಮ್ನೆ ಓಡಿಸಿದರೆ ಅದು ಹಂಚಿದ ಹಾಗಲ್ಲ, ಅಲ್ವಾ? ಆ ಸಂದಿ ಮುಚ್ಚುವುದಕ್ಕೇ ಎಜಿಪಿಎಲ್ ಅನ್ನುವ ಲೈಸೆನ್ಸ್ ಇರುವುದು. ವೆಬ್ ಸೇವೆ ಬರೆಯುವವರು ಅದನ್ನೇ ನೋಡಿ. ಕ್ಲೌಡ್ ಕಂಪನಿಗಳ ಮಟ್ಟಿಗೆ ಅದೂ ಸಾಲದು ಅಂತ ಡೇಟಾಬೇಸ್ ಕಂಪನಿ ಮೊಂಗೋಡಿಬಿ 2018ರಲ್ಲಿ ತನ್ನದೇ ಲೈಸೆನ್ಸ್ ಬರೆದುಕೊಂಡಿತು. ಅದಕ್ಕೆ ಓಪನ್ ಸೋರ್ಸ್ ಅನ್ನುವ ಮಾನ್ಯತೆ ಸಿಗಲಿಲ್ಲ. ನೀವಂತೂ ಸ್ವಂತ ಲೈಸೆನ್ಸ್ ಬರೆಯಲು ಹೋಗಬೇಡಿ.

ಇನ್ನು ದುಡ್ಡಿನ ಮಾತು. ಡೇಟಾಬೇಸ್ ಸಾಫ್ಟ್‌ವೇರ್ ಕಂಪನಿ ಮೈಎಸ್‌ಕ್ಯೂಎಲ್ ಎರಡು ಬಾಗಿಲು ಇಟ್ಟಿತ್ತು. ಜಿಪಿಎಲ್ ಒಪ್ಪುವವರಿಗೆ ಪುಕ್ಕಟೆ, ತಮ್ಮ ಕೋಡ್ ಬಿಚ್ಚಲು ಇಷ್ಟವಿಲ್ಲದ ಕಂಪನಿಗಳಿಗೆ ಬೆಲೆ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಅದನ್ನು ಸುಮಾರು 100 ಕೋಟಿ ಡಾಲರ್ ಕೊಟ್ಟು ಕೊಂಡಿತು. ಈ ದಾರಿ ಬೇಕಿದ್ದರೆ ಇಡೀ ಕೋಡಿನ ಹಕ್ಕು ನಿಮ್ಮ ಕೈಯಲ್ಲಿರಬೇಕು, ಅಂದರೆ ಹೊರಗಿನವರ ಮೊದಲ ಪ್ಯಾಚ್ (ಕೋಡ್ ತಿದ್ದುಪಡಿ) ಸೇರಿಸುವ ಮುಂಚೆಯೇ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಆಮೇಲೆ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುವುದು ಆಗದ ಮಾತು. ಲಿನಕ್ಸಿನ ತಿರುಳಾದ ಕರ್ನಲ್ ಇವತ್ತಿಗೂ ಜಿಪಿಎಲ್‌ನ 2ನೇ ಆವೃತ್ತಿಯಲ್ಲೇ ಇದೆ. ಸಾವಿರಾರು ಜನರ ಹಕ್ಕು ಅದರಲ್ಲಿ ಹೆಣೆದುಕೊಂಡಿದೆ, ಬದಲಿಸುವುದು ಸುಲಭವಲ್ಲ.

ಫಾಂಟ್ ಮಾಡುವವರಿಗೆ ಓಎಫ್‌ಎಲ್ ಅನ್ನುವ ಲೈಸೆನ್ಸ್ ಇದೆ, ನೋಟೊ ಸಾನ್ಸ್ ಕನ್ನಡ ಅದರಲ್ಲೇ ಬಂದಿದೆ. ಬೇರೆ ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಬರೀ ಫಾಂಟನ್ನೇ ಮಾರುವಂತಿಲ್ಲ.

ಆರಿಸಿದ ಮೇಲೆ ಲೈಸೆನ್ಸಿನ ಪೂರ್ತಿ ಪಠ್ಯವನ್ನು ಇದ್ದ ಹಾಗೇ ಒಂದು ಫೈಲಿನಲ್ಲಿಡಿ. ನೀವು ಬಳಸಿದ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಲೈಸೆನ್ಸೂ ನೋಡಿ. ಒಂದು ಜಿಪಿಎಲ್ ಲೈಬ್ರರಿ ಸೇರಿದರೂ ಒಟ್ಟು ಪ್ರೋಗ್ರಾಮನ್ನು ಜಿಪಿಎಲ್‌ನಲ್ಲೇ ಹಂಚಬೇಕಾಗುತ್ತದೆ. ಆಫೀಸಿನ ಕೆಲಸವಾಗಿ ಬರೆದ ಕೋಡಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಹಕ್ಕು ಕಂಪನಿಯದು. ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ.