ಪೊಟ್ಯಾಸಿಯಂ ಇಳಿದಾಗ ಮೊದಲು ಸೋರಿಕೆ ಎಲ್ಲಿದೆ ಎಂದು ನೋಡಿ

ರಕ್ತಪರೀಕ್ಷೆಯ ವರದಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಎಂಬ ಮೂರು ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ನಡುವಿನ ಸಾಲಿನಲ್ಲಿ 2.9 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, ಮನೆಯವರು ದಾರಿಯಲ್ಲೇ ಒಂದು ಚಿಪ್ಪು ಬಾಳೆಹಣ್ಣನ್ನೂ ನಾಲ್ಕು ಎಳನೀರನ್ನೂ ಕೊಂಡು ತರುತ್ತಾರೆ. ಅದು ತಪ್ಪೇನಲ್ಲ. ಆದರೆ ಊಟದಲ್ಲಿ ಸಾಲದೆ ಪೊಟ್ಯಾಸಿಯಂ ಇಷ್ಟು ಇಳಿಯುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ಅದು ಹೊಟ್ಟೆಯಿಂದಲೋ ಮೂತ್ರದಿಂದಲೋ ಸೋರಿಹೋಗುತ್ತಿರುತ್ತದೆ, ಇಲ್ಲವೇ ರಕ್ತವನ್ನು ಬಿಟ್ಟು ಜೀವಕೋಶಗಳ ಒಳಗೆ ಸರಿದಿರುತ್ತದೆ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ಯುವ ಮೊದಲು ತೂತು ಎಲ್ಲಿದೆ ಎಂದು ನೋಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಅಂಕಿಯನ್ನು ಓದೋಣ. ವಯಸ್ಕರ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5.0 ಮಿಲಿಮೋಲ್ ಇರಬೇಕು. ವರದಿಯಲ್ಲಿ ಮಿಲಿಈಕ್ವಿವಲೆಂಟ್ ಎಂದಿದ್ದರೂ ಪೊಟ್ಯಾಸಿಯಂ ಮಟ್ಟಿಗೆ ಅಂಕಿ ಬದಲಾಗುವುದಿಲ್ಲ. 3.0ರಿಂದ 3.5ರ ನಡುವಿನದು ಸೌಮ್ಯ ಕೊರತೆ, 2.5ರಿಂದ 3.0ರ ನಡುವಿನದು ಮಧ್ಯಮ, 2.5ಕ್ಕಿಂತ ಕೆಳಗಿಳಿದರೆ ತೀವ್ರ ಎಂದು ವೈದ್ಯರು ವಿಂಗಡಿಸುತ್ತಾರೆ. ಆದರೆ ಅಂಕಿಯೊಂದೇ ಅಪಾಯವನ್ನು ಹೇಳುವುದಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಇಳಿದು 2.9ಕ್ಕೆ ಬಂದವರು ಆರಾಮವಾಗಿ ನಡೆದುಕೊಂಡೇ ಆಸ್ಪತ್ರೆಗೆ ಬರಬಹುದು; ಹೃದಯ ವೈಫಲ್ಯಕ್ಕೆ ಡಿಗಾಕ್ಸಿನ್ ಸೇವಿಸುತ್ತಿರುವವರಿಗೆ 3.2 ಕೂಡ ಆತಂಕದ ಸಂಗತಿ. ರಕ್ತ ತೆಗೆಯುವಾಗ ಅಥವಾ ಸಾಗಿಸುವಾಗ ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ಪೊಟ್ಯಾಸಿಯಂ ಹೊರಚೆಲ್ಲಿ ಅಂಕಿ ಸುಳ್ಳಾಗಿ ಏರುತ್ತದೆ. ಹಾಗಾಗಿ ಲಕ್ಷಣಗಳು ಸ್ಪಷ್ಟವಾಗಿದ್ದೂ ವರದಿ ಮಾತ್ರ ಸರಿಯಾಗಿದ್ದರೆ ಮತ್ತೊಮ್ಮೆ ಪರೀಕ್ಷಿಸುವುದುಂಟು.

ಈ ಅಂಕಿ ಅಳೆಯುತ್ತಿರುವುದಾದರೂ ಏನನ್ನು? ದೇಹದಲ್ಲಿರುವ ಪೊಟ್ಯಾಸಿಯಂನಲ್ಲಿ ಸುಮಾರು ಶೇ 98ರಷ್ಟು ಜೀವಕೋಶಗಳ ಒಳಗಿರುತ್ತದೆ, ಅದರಲ್ಲೂ ಹೆಚ್ಚಿನದು ಸ್ನಾಯುಗಳಲ್ಲಿ. ರಕ್ತಪರೀಕ್ಷೆ ಹೇಳುವುದು ಹೊರಗುಳಿದ ಶೇ 2ರ ಸುದ್ದಿಯನ್ನು ಮಾತ್ರ. ಅಂಗಳದಲ್ಲಿ ಚೆಲ್ಲಿರುವ ಕಾಳನ್ನು ಎಣಿಸಿ ಕಣಜದಲ್ಲಿರುವ ರಾಗಿ ಎಷ್ಟೆಂದು ಅಂದಾಜು ಮಾಡಿದ ಹಾಗೆ. ಜೀವಕೋಶದ ಪೊರೆಯಲ್ಲಿರುವ ಒಂದು ಪಂಪು ಮೂರು ಸೋಡಿಯಂ ಅಯಾನುಗಳನ್ನು ಹೊರದಬ್ಬಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆಯುತ್ತಿರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ವಿವರಿಸಿದರು. 1997ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಂದಿತು. ಒಳಗೆ ಲೀಟರಿಗೆ ಸುಮಾರು 140, ಹೊರಗೆ ಸುಮಾರು 4 ಎಂಬ ಈ ಅಂತರದಿಂದಲೇ ನರಗಳಲ್ಲಿ ಸಂಕೇತ ಹರಿಯುತ್ತದೆ, ಸ್ನಾಯು ಸಂಕುಚಿಸುತ್ತದೆ, ಹೃದಯ ಲಯ ತಪ್ಪದೆ ಮಿಡಿಯುತ್ತದೆ. ರಕ್ತದ ಅಂಕಿ 4ರಿಂದ 3ಕ್ಕೆ ಇಳಿದಿದೆ ಎಂದರೆ ಇಡೀ ದೇಹ ಸುಮಾರು 200ರಿಂದ 300 ಮಿಲಿಮೋಲ್ ಕಳೆದುಕೊಂಡಿದೆ ಎಂದು ಲೆಕ್ಕ. ಒಂದು ಮಧ್ಯಮ ಗಾತ್ರದ ಪಚ್ಚಬಾಳೆಯಲ್ಲಿ ಇರುವುದು ಹತ್ತರ ಆಸುಪಾಸು, ಯಾಲಕ್ಕಿ ಬಾಳೆಯಲ್ಲಿ ಅದಕ್ಕಿಂತಲೂ ಕಡಿಮೆ. ಆ ಒಂದು ಚಿಪ್ಪು ಹಣ್ಣಿನಿಂದ ಈ ಸಾಲ ಏಕೆ ತೀರದು ಎಂಬುದು ಇಲ್ಲಿಗೆ ಅರ್ಥವಾಗಬಹುದು.

ಮುಂದಿನ ಹೆಜ್ಜೆ ದೇಹದ ಲಕ್ಷಣಗಳನ್ನು ಗಮನಿಸುವುದು. ಸೌಮ್ಯ ಕೊರತೆಯಲ್ಲಿ ಏನೂ ತೋರದಿರಬಹುದು. ಇನ್ನೂ ಇಳಿದಂತೆ ತೊಡೆಗಳು ಸೋಲುತ್ತವೆ. ಕುಕ್ಕರಗಾಲಿನಲ್ಲಿ ಕುಳಿತವರಿಗೆ ಏಳಲಾಗುವುದಿಲ್ಲ, ಮೆಟ್ಟಿಲು ಹತ್ತುವಾಗ ಕೈಯಾಸರೆ ಬೇಕಾಗುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಕರುಳೂ ಸ್ನಾಯುವಿನಿಂದಲೇ ಆದದ್ದರಿಂದ ಮಲಬದ್ಧತೆಯಾಗಿ ಹೊಟ್ಟೆ ಉಬ್ಬರಿಸುತ್ತದೆ. ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಮೂತ್ರಪಿಂಡಕ್ಕೆ ಕುಂದುವುದರಿಂದ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಿ ಬಾಯಾರಿಕೆ ಹೆಚ್ಚುತ್ತದೆ. ಎದೆಬಡಿತ ತಪ್ಪಿದಂತೆ ಅನ್ನಿಸಬಹುದು. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ ಅದರ ಹಿಂದೆ ಯು ಅಲೆ ಎಂಬ ಸಣ್ಣ ದಿಬ್ಬ ಮೂಡುತ್ತದೆ. ತೀರಾ ಇಳಿದಾಗ ಉಸಿರಾಟದ ಸ್ನಾಯುಗಳೇ ಸೋಲಬಹುದು. ಬರಿಯ ಆಯಾಸ ಮಾತ್ರ ಇದ್ದರೆ ಅದನ್ನು ಪೊಟ್ಯಾಸಿಯಂ ತಲೆಗೆ ಕಟ್ಟಬೇಡಿ, ಅದಕ್ಕೆ ನೂರು ಕಾರಣಗಳಿರುತ್ತವೆ.

ಇನ್ನು ಸೋರಿಕೆಯ ಹುಡುಕಾಟ. ಇದಕ್ಕೆ ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್ಪು, ಇನ್‌ಹೇಲರ್, ಚೂರ್ಣ, ಕಷಾಯಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮುಂದೆ ಸುರಿಯುವುದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ. ಊತಕ್ಕೂ ರಕ್ತದೊತ್ತಡಕ್ಕೂ ಕೊಡುವ, ಜನ ‘ನೀರಿನ ಮಾತ್ರೆ’ ಎಂದು ಕರೆಯುವ ಫ್ಯೂರೋಸಮೈಡ್, ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥ್ಯಾಲಿಡೋನ್‌ಗಳು ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುವ ಅತಿ ಸಾಮಾನ್ಯ ಕಾರಣಗಳು. ಇವು ಬೇರೊಂದು ಔಷಧದ ಜೊತೆ ಒಂದೇ ಗುಳಿಗೆಯಲ್ಲಿ ಸೇರಿರುವುದರಿಂದ ತಾವು ನೀರಿನ ಮಾತ್ರೆ ನುಂಗುತ್ತಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಸ್ಟಿರಾಯ್ಡ್‌ಗಳು ಮತ್ತು ನಿತ್ಯ ಸೇವಿಸುವ, ಭೇದಿ ಮಾಡಿಸುವ ಔಷಧಗಳೂ ಈ ಪಟ್ಟಿಯಲ್ಲಿವೆ. ಕೆಮ್ಮು, ಗಂಟಲು ಕೆರೆತಕ್ಕೆಂದು ದಿನವೂ ಹೆಚ್ಚು ಜ್ಯೇಷ್ಠಮಧು ತಿನ್ನುವವರಲ್ಲಿ ಅದರ ಗ್ಲಿಸಿರೈಸಿನ್ ಅಂಶದಿಂದ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಮನೆಮದ್ದು ಎಂಬ ಕಾರಣಕ್ಕೆ ಇದನ್ನು ಯಾರೂ ವೈದ್ಯರಿಗೆ ಹೇಳುವುದಿಲ್ಲ.

ಭೇದಿಯಲ್ಲಿ ಪೊಟ್ಯಾಸಿಯಂ ನೇರವಾಗಿ ಮಲದಲ್ಲಿ ಹೋಗುತ್ತದೆ. ವಾಂತಿಯಲ್ಲಿ ಹಾಗಲ್ಲ: ಜಠರರಸದಲ್ಲಿ ಅದು ಇರುವುದೇ ಸ್ವಲ್ಪ. ಆಮ್ಲ ಮತ್ತು ಕ್ಲೋರೈಡ್ ನಷ್ಟವಾದ ದೇಹ ತನ್ನ ಸಮತೋಲ ಕಾಯ್ದುಕೊಳ್ಳಲು ಹೆಣಗುವಾಗ ಮೂತ್ರಪಿಂಡವೇ ಪೊಟ್ಯಾಸಿಯಂ ಅನ್ನು ಹೊರಚೆಲ್ಲುತ್ತದೆ. ಆದ್ದರಿಂದ ರಕ್ತದ ಜೊತೆಗೆ ಮೂತ್ರದಲ್ಲಿಯೂ ಪೊಟ್ಯಾಸಿಯಂ ಅಳೆಸುತ್ತಾರೆ. ರಕ್ತದಲ್ಲಿ ಕಡಿಮೆಯಿದ್ದೂ ಮೂತ್ರದಲ್ಲಿ ಧಾರಾಳವಾಗಿ ಹೋಗುತ್ತಿದ್ದರೆ ಸೋರಿಕೆ ಅಲ್ಲೇ ಇದೆ ಎಂದಾಯಿತು. ನೀರಿನ ಮಾತ್ರೆ ಇಲ್ಲದೆಯೂ ರಕ್ತದೊತ್ತಡ ಹೆಚ್ಚಿದ್ದು ಪೊಟ್ಯಾಸಿಯಂ ಕಡಿಮೆಯಿದ್ದರೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯು ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ತಳ್ಳುವ ಆಲ್ಡೋಸ್ಟಿರೋನ್ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತಿದೆಯೇ ಎಂದು ನೋಡಲೇಬೇಕು.

ಮೂರನೆಯ ಬಗೆಯಲ್ಲಿ ನಷ್ಟವೇ ಇಲ್ಲ, ಬರಿಯ ಸ್ಥಳಾಂತರ. ಇನ್ಸುಲಿನ್ ಮತ್ತು ಆಸ್ತಮಾಕ್ಕೆ ಬಳಸುವ ಸಾಲ್ಬುಟಮಾಲ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳುತ್ತವೆ. ಇದರ ಅತ್ಯಂತ ನಾಟಕೀಯ ರೂಪ ಆವರ್ತಕ ಪಾರ್ಶ್ವವಾಯು, ಅಂದರೆ ಆಗಾಗ ಬಂದು ಹೋಗುವ ಸ್ನಾಯುಗಳ ಸೋಲು. ದಿನವಿಡೀ ಮೈಮುರಿದು ದುಡಿದ ಯುವಕ ರಾತ್ರಿ ಬೀಗರೂಟದಲ್ಲಿ ಅನ್ನ, ಸಿಹಿ ಗಡದ್ದಾಗಿ ಉಂಡು ಮಲಗುತ್ತಾನೆ. ಬೆಳಿಗ್ಗೆ ಎಚ್ಚರವಾದಾಗ ಕಾಲು ಅಲ್ಲಾಡುವುದಿಲ್ಲ. ಪ್ರಜ್ಞೆ, ಮಾತು, ಸ್ಪರ್ಶ ಎಲ್ಲವೂ ಸರಿಯಾಗಿಯೇ ಇರುತ್ತವೆ. ಮನೆಯವರು ಲಕ್ವ ಹೊಡೆಯಿತೆಂದೋ ಗಾಳಿ ಸೋಕಿತೆಂದೋ ಕಂಗಾಲಾಗುತ್ತಾರೆ. ಪಿಷ್ಟದ ಭಾರಿ ಊಟದ ನಂತರ ಏರಿದ ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಸ್ನಾಯುವಿನೊಳಗೆ ಸೆಳೆದುಕೊಂಡಿರುತ್ತದೆ. ಇದು ಕೆಲವರಿಗೆ ವಂಶಪಾರಂಪರ್ಯವಾಗಿ ಬರುತ್ತದೆ. ಏಷ್ಯಾದ ಪುರುಷರಲ್ಲಿ ಥೈರಾಯ್ಡ್ ಅತಿಸ್ರಾವದ ಜೊತೆಗೂ ಕಾಣಿಸಿಕೊಳ್ಳುತ್ತದೆ. ಥೈರಾಯ್ಡ್ ತೊಂದರೆ ಹೆಚ್ಚಾಗಿ ಮಹಿಳೆಯರಲ್ಲಿ ಕಂಡರೂ ಅದರ ಈ ಮುಖ ಗಂಡಸರನ್ನೇ ಹಿಡಿಯುವುದು ವಿಚಿತ್ರ. ಹೀಗಾದವರಿಗೆಲ್ಲ ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಒಳಗೆ ಹೋದದ್ದು ತಾನಾಗಿ ಹೊರಬರುವುದರಿಂದ ಇವರಿಗೆ ಪೊಟ್ಯಾಸಿಯಂ ಅನ್ನು ಅಳೆದು ಕೊಡಬೇಕು. ಅವಸರದಲ್ಲಿ ಹೆಚ್ಚು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಅಂಕಿ ಅಪಾಯಕರವಾಗಿ ಮೇಲೇರುತ್ತದೆ.

ತುಂಬಿಸುವ ಹೆಜ್ಜೆ ಬರುವುದು ಇಷ್ಟೆಲ್ಲ ಆದಮೇಲೆ, ಅಥವಾ ತುರ್ತಿದ್ದರೆ ಇದರ ಜೊತೆಜೊತೆಗೆ. ಬಾಯಿಂದ ಸೇವಿಸಲು ಸಾಧ್ಯವಿದ್ದರೆ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ಪೇ ಸುರಕ್ಷಿತ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸಿರಪ್ಪಿನ 15 ಮಿಲಿಲೀಟರಿನಲ್ಲಿ 20 ಮಿಲಿಮೋಲ್ ಇರುತ್ತದೆ. ಹಾಗೆಯೇ ಕುಡಿದರೆ ಹೊಟ್ಟೆ ಉರಿಯುವುದರಿಂದ ಒಂದು ಲೋಟ ನೀರಿನಲ್ಲಿ ಬೆರೆಸಿ, ಊಟವಾದ ಮೇಲೆ ನಿಧಾನವಾಗಿ ಕುಡಿಯಬೇಕು. ರುಚಿ ಕೆಟ್ಟದಾಗಿಯೇ ಇರುತ್ತದೆ, ಅದಕ್ಕೆ ಪರಿಹಾರವಿಲ್ಲ. ತೀವ್ರ ಕೊರತೆಯಲ್ಲಿ ರಕ್ತನಾಳದ ಮೂಲಕ ಕೊಡುವಾಗ ಸಾಮಾನ್ಯವಾಗಿ ಗಂಟೆಗೆ 10 ಮಿಲಿಮೋಲ್‌ನಷ್ಟೇ ಬಿಡುತ್ತಾರೆ. ಅದಕ್ಕಿಂತ ವೇಗ ಬೇಕಾದರೆ ಹೃದಯದ ಮೇಲೆ ಮಾನಿಟರ್ ಕಣ್ಣಿಟ್ಟಿರಬೇಕು. ಒಮ್ಮೆಲೇ ಚುಚ್ಚಿದರೆ ಹೃದಯ ನಿಂತುಹೋಗಬಹುದು. ಮನೆಗೆ ಹೊರಡುವ ಆತುರದಲ್ಲಿ ಡ್ರಿಪ್ಪಿನ ಗಾಲಿಯನ್ನು ತಾವೇ ತಿರುಗಿಸಿ ವೇಗ ಹೆಚ್ಚಿಸುವ ಸಂಬಂಧಿಕರು ಈ ಒಂದು ವಾಕ್ಯವನ್ನು ನೆನಪಿಡಬೇಕು. ಎಷ್ಟು ಕೊಟ್ಟರೂ ಅಂಕಿ ಏರದಿದ್ದರೆ ಮೆಗ್ನೀಸಿಯಂ ಪರೀಕ್ಷಿಸುತ್ತಾರೆ, ಅದು ಕಡಿಮೆಯಿದ್ದಷ್ಟು ಕಾಲ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಬಿಟ್ಟುಕೊಡುತ್ತಲೇ ಇರುತ್ತದೆ.

ಆಹಾರದ ಪಾತ್ರ ಕೊರತೆಯನ್ನು ನೀಗುವುದಕ್ಕಿಂತ ಅದು ಮರುಕಳಿಸದಂತೆ ಕಾಯುವುದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ಸೂಚಿಸಿದೆ. ಸೊಪ್ಪು, ಹುರಳಿ, ಅಲಸಂದೆ, ಆಲೂಗಡ್ಡೆ, ಎಳನೀರು ಎಲ್ಲವೂ ಒಳ್ಳೆಯ ಮೂಲಗಳೇ. ಆದರೆ ಸೊಪ್ಪು, ಕಾಳು ಬೇಯಿಸಿದಾಗ ಪೊಟ್ಯಾಸಿಯಂ ಬಹಳಷ್ಟು ನೀರಿಗೆ ಇಳಿಯುತ್ತದೆ. ಆ ನೀರನ್ನು ಬಸಿದು ಚೆಲ್ಲದೆ ಅದರಿಂದಲೇ ಸಾರು ಮಾಡುವ ನಮ್ಮ ಬಸ್ಸಾರು ಈ ಮಟ್ಟಿಗೆ ಜಾಣ ಅಡುಗೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅದೇ ಬಸಿದ ನೀರನ್ನು ಚೆಲ್ಲಿರಿ ಎನ್ನುವುದೂ ಇದೇ ಕಾರಣಕ್ಕೆ. ಭೇದಿಯಾದಾಗ ಬರೀ ಉಪ್ಪು-ಸಕ್ಕರೆ ನೀರಿನಲ್ಲಿ ಪೊಟ್ಯಾಸಿಯಂ ಇರುವುದಿಲ್ಲ, ಅನ್ನದ ಗಂಜಿಯಲ್ಲಿಯೂ ಹೆಚ್ಚಿಲ್ಲ. ಒಂದು ಲೀಟರ್ ಓಆರ್‌ಎಸ್‌ನಲ್ಲಿ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುವುದರಿಂದ ಅಂಗಡಿಯ ಪೊಟ್ಟಣವೇ ಮೇಲು.

ಮೂತ್ರಪಿಂಡ ದುರ್ಬಲವಾಗಿರುವವರು, ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ಟೆಲ್ಮಿಸಾರ್ಟಾನ್, ರ‍್ಯಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂತಹ ಔಷಧ ಸೇವಿಸುವವರು ತಾವಾಗಿಯೇ ಸಿರಪ್ಪನ್ನಾಗಲಿ ಕಡಿಮೆ ಸೋಡಿಯಂನ ಬದಲಿ ಉಪ್ಪನ್ನಾಗಲಿ ಆರಂಭಿಸಬಾರದು. ಆ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಸೇರಿಸಿರುವುದು ಪೊಟ್ಯಾಸಿಯಂ ಅನ್ನೇ, ಮತ್ತು ಅತಿಯಾದ ಪೊಟ್ಯಾಸಿಯಂ ಯಾವ ಮುನ್ಸೂಚನೆಯನ್ನೂ ಕೊಡದೆ ಹೃದಯವನ್ನು ನಿಲ್ಲಿಸಬಲ್ಲದು. ಕೈಕಾಲು ಎತ್ತಲಾಗದಿರುವುದು, ಉಸಿರಾಟದ ಕಷ್ಟ, ಎದೆಬಡಿತ ತಪ್ಪಿ ತಲೆಸುತ್ತುವುದು ಇವುಗಳಲ್ಲಿ ಯಾವುದೊಂದು ಕಂಡರೂ ವರದಿಗಾಗಿ ಕಾಯದೆ, ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು.

ಅಂಕಿ 3.5 ದಾಟಿತೆಂದು ಸಿರಪ್ಪಿನ ಬಾಟಲಿಯನ್ನು ಮೂಲೆಗಿಟ್ಟ ಮೇಲೂ ಒಂದು ಕೆಲಸ ಉಳಿದಿರುತ್ತದೆ. ವೈದ್ಯರು ಹೇಳಿದ ದಿನ, ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ, ಮತ್ತೊಮ್ಮೆ ರಕ್ತ ಕೊಟ್ಟು ಬನ್ನಿ. ಸಿರಪ್ ಇಲ್ಲದೆಯೂ ಅಂಕಿ ಅಲ್ಲೇ ನಿಂತಿದ್ದರೆ ತೂತು ಮುಚ್ಚಿದೆ, ಮತ್ತೆ ಜಾರಿದ್ದರೆ ಹುಡುಕಾಟ ಮುಗಿದಿಲ್ಲ.